ಆಕಿ ಮುಂದ ಏನಾದ್ಲು?

ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಟೀಚರ್ ಅವರ ಆರು ವರ್ಷದ ಮಗ ಹೋದ ಮಳೆಗಾಲದಲ್ಲಿ ತೀರಿಕೊಂಡ. ಸೋಮವಾರ ಶಾಲೆಗೆ ಹೋಗಿ ಬಂದಿದ್ದ. ರಾತ್ರಿ ಜ್ವರ ಬಂತು. ಗುರುವಾರ ಸಂಜೆ ನಾವೆಲ್ಲ ಚರ್ಚಿನ ಸಮಾಧಿ ಭೂಮಿಯಲ್ಲಿ ಕೊಡೆ ಹಿಡಿದು ನಿಂತಿದ್ದೆವು. ಪೆಟ್ಟಿಗೆ ಎಷ್ಟು ಸಣ್ಣದಿತ್ತೆಂದರೆ ಹೊರಲು ಇಬ್ಬರೇ ಸಾಕಾಗಿದ್ದರು.

ನಾನು ಕ್ರೈಸ್ತನಲ್ಲ. ಧಾರವಾಡದಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಆ ಹುಡುಗ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಪೇರಲಹಣ್ಣು ತಿಂದವನಾದ್ದರಿಂದ ಹೋಗಿದ್ದೆ. ಒಂದು ವಾರದ ಬಳಿಕ ಅವರ ಮನೆಯಲ್ಲಿ ಸಾಂತ್ವನ ಪ್ರಾರ್ಥನೆ ಇಟ್ಟಿದ್ದರು, ಅಲ್ಲಿಗೂ ಹೋದೆ. ಪಾಸ್ಟರ್ ಒಳ್ಳೆಯ ಮನುಷ್ಯ, ಮೆಲುದನಿಯವರು. ಅವರು ಆವತ್ತು ಹೇಳಿದ್ದು ಸ್ಪಾಫರ್ಡ್ ಎಂಬ ಅಮೆರಿಕದ ವಕೀಲನ ಕತೆ. ಅವನ ನಾಲ್ವರು ಹೆಣ್ಣುಮಕ್ಕಳು ಹಡಗು ಮುಳುಗಿ ಸತ್ತರು. ಅವನು ಹೆಂಡತಿಯನ್ನು ಕರೆತರಲು ಅದೇ ಸಮುದ್ರ ದಾಟುವಾಗ, ಮಕ್ಕಳು ಮುಳುಗಿದ ಜಾಗ ಬಂದ ರಾತ್ರಿ, ತನ್ನ ಆತ್ಮಕ್ಕೆ ಎಲ್ಲವೂ ಕ್ಷೇಮ ಎಂಬ ಭಾವದ ಹಾಡು ಬರೆದ. ಕತೆ ಮುಗಿದ ಮೇಲೆ ಎಲ್ಲರೂ ಆ ಹಾಡು ಹಾಡಿದರು. ಬಹಳ ಜನ ಅತ್ತರು. ಟೀಚರ್ ಅಳಲಿಲ್ಲ, ಗೋಡೆಯ ಕಡೆ ನೋಡುತ್ತ ಕೂತಿದ್ದರು.

ನಾಲ್ಕು ದಿನ ಬಿಟ್ಟು ಹಾಲಿನ ಅಂಗಡಿಯ ಹತ್ತಿರ ಸಿಕ್ಕಾಗ ಅವರೇ ಮಾತು ತೆಗೆದರು.

“ಸರ್, ಪಾಸ್ಟರ್ ಅವ್ರು ಆ ವಕೀಲನ ಕತಿ ಹೇಳಿದ್ರಲ್ಲ. ಹಾಡು ಬರದಾಂವ ಅಂವ. ಖರೆ, ಹಡಗಿನೊಳಗ ಇದ್ದಾಕಿ ಆಕಿ. ಆಕಿ ಕೈಯಿಂದನ ಮಕ್ಕಳು ಹೋದ್ವು. ಆಕಿ ಮುಂದ ಏನಾದ್ಲು?”

ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ನಾಚಿಕೆಯೆಂದರೆ, ಆ ಕತೆಯನ್ನು ನಾನು ಅದಕ್ಕೂ ಮುಂಚೆ ಎರಡು ಸಲ ಕೇಳಿದ್ದೆ. ಹೀಗೊಂದು ಪ್ರಶ್ನೆ ಕೇಳಬಹುದು ಎಂದು ನನಗೆ ತೋಚಿಯೇ ಇರಲಿಲ್ಲ. ಹುಡುಕಿ ಹೇಳುತ್ತೇನೆ ಅಂದೆ. ಆಮೇಲಿನ ಕೆಲವು ತಿಂಗಳು ಆ ಒಂದು ಕುಟುಂಬದ ಬೆನ್ನು ಹತ್ತಿದೆ. ಈ ಲೇಖನ ಅವರಿಗೆ ಕೊಟ್ಟ ಉತ್ತರದ ತುಸು ಉದ್ದನೆಯ ರೂಪ.

ಆಕೆಯ ಹೆಸರು ಆನಾ. ಹುಟ್ಟಿದ್ದು 1842ರಲ್ಲಿ, ನಾರ್ವೆಯ ಸ್ಟಾವಂಗರ್ ಎಂಬ ಬಂದರು ಊರಿನಲ್ಲಿ. ಇನ್ನೂ ಚಿಕ್ಕವಳಿದ್ದಾಗ ಕುಟುಂಬ ಅಮೆರಿಕಕ್ಕೆ ವಲಸೆ ಬಂತು. ಶಿಕಾಗೊದಲ್ಲಿ ಕಾಲರಾ ತಾಯಿಯನ್ನು ಒಯ್ದಿತು. ಕೆಲವು ವರ್ಷಗಳಲ್ಲಿ ತಂದೆಯೂ ಇಲ್ಲವಾದ. ಹೊರೇಷಿಯೊ ಸ್ಪಾಫರ್ಡ್ ಅವಳಿಗಿಂತ ಹದಿಮೂರು ವರ್ಷ ದೊಡ್ಡವನು, ವಕೀಲ, ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರಲ್ಲೊಬ್ಬ. ಅವಳನ್ನು ಕಂಡದ್ದು ಸಂಡೇ ಸ್ಕೂಲಿನಲ್ಲಿ. 1861ರಲ್ಲಿ ಮದುವೆಯಾದರು. ಆನಿ, ಮ್ಯಾಗಿ, ಬೆಸ್ಸಿ, ಟನೆಟಾ ಎಂದು ನಾಲ್ವರು ಹೆಣ್ಣುಮಕ್ಕಳು ಹುಟ್ಟಿದರು. ಊರ ಹೊರಗೆ ದೊಡ್ಡ ಮನೆ, ತೋಟ. ಅಂದಿನ ಬಹು ದೊಡ್ಡ ಧರ್ಮಪ್ರಚಾರಕ ಡಿ. ಎಲ್. ಮೂಡಿ ಆ ಮನೆಯ ಸ್ನೇಹಿತ. 1871ರ ಅಕ್ಟೋಬರಿನಲ್ಲಿ ಶಿಕಾಗೊ ನಗರ ಸುಟ್ಟುಹೋಯಿತು. ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಸ್ಪಾಫರ್ಡ್ ಜಮೀನಿನಲ್ಲಿ ಹೂಡಿದ್ದ ಹಣಕ್ಕೆ ಭಾರಿ ಪೆಟ್ಟು ಬಿತ್ತು. ಮನೆ ಉಳಿಯಿತು. ಮನೆ ಕಳೆದುಕೊಂಡವರಿಗೆ ಅನ್ನ, ಬಟ್ಟೆ ಒದಗಿಸುವ ಕೆಲಸದಲ್ಲಿ ಆನಾಳ ಆರೋಗ್ಯ ಕೆಟ್ಟಿತು. ಸ್ಥಳ ಬದಲಾದರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರಿಂದ 1873ರಲ್ಲಿ ಯುರೋಪಿಗೆ ಹೊರಟರು. ಕೊನೆಯ ಗಳಿಗೆಯಲ್ಲಿ ವ್ಯವಹಾರದ ಕೆಲಸವೊಂದು ಬಂದು ಹೊರೇಷಿಯೊ ಹಿಂದೆ ಉಳಿದ. ನೀವು ಮುಂದೆ ಹೋಗಿರಿ, ನಾನು ಬರುತ್ತೇನೆ ಎಂದು ಹೇಳಿ ಕಳಿಸಿಕೊಟ್ಟ.

ಹಡಗಿನ ಹೆಸರು ವಿಲ್ ದು ಹಾವ್ರ್. ಫ್ರೆಂಚರ ಹಡಗು, ಆ ಕಾಲಕ್ಕೆ ಬಹಳ ದೊಡ್ಡದು, ಸುಖವಾದದ್ದು. ನವೆಂಬರ್ 15ರಂದು ನ್ಯೂಯಾರ್ಕ್ ಬಿಟ್ಟಿತು. 22ರ ನಸುಕಿನಲ್ಲಿ, ಸುಮಾರು ಎರಡು ಗಂಟೆಗೆ, ಅಟ್ಲಾಂಟಿಕ್ ನಡುವೆ ಲಾಕ್ ಅರ್ನ್ ಎಂಬ ಕಬ್ಬಿಣದ ಹಾಯಿಹಡಗಿಗೂ ಇದಕ್ಕೂ ಡಿಕ್ಕಿಯಾಯಿತು. ಹನ್ನೆರಡು ನಿಮಿಷ. ಅಷ್ಟರೊಳಗೆ ಮುಳುಗಿತು. ಸತ್ತವರು 226, ಬದುಕಿದವರು 87. ಹನ್ನೆರಡು ನಿಮಿಷದಲ್ಲಿ ನಿದ್ದೆಯಲ್ಲಿದ್ದ ನಾಲ್ಕು ಮಕ್ಕಳನ್ನು ಎಬ್ಬಿಸಿ, ಮೆಟ್ಟಿಲು ಹತ್ತಿಸಿ ಮೇಲಕ್ಕೆ ತಂದಳು ಆನಾ. ಹಿರಿಯಳಿಗೆ ಹನ್ನೊಂದು ವರ್ಷ, ಕಿರಿಯಳಿಗೆ ಎರಡು. ತೋಳಲ್ಲಿದ್ದ ಆ ಕಿರಿಯ ಮಗುವನ್ನು ನೀರಿನ ಸೆಳೆತವೇ ಕಿತ್ತುಕೊಂಡಿತು ಎಂದು ಆಮೇಲೆ ಹೇಳಿಕೊಂಡಳಂತೆ. ಪ್ರಜ್ಞೆ ತಪ್ಪಿ ಹಲಗೆಯ ಮೇಲೆ ತೇಲುತ್ತಿದ್ದವಳನ್ನು ಲಾಕ್ ಅರ್ನ್‌ನ ದೋಣಿಯವರು ಎತ್ತಿಕೊಂಡರು. ಆ ಹಡಗಿಗೂ ದೊಡ್ಡ ಏಟು ಬಿದ್ದಿತ್ತಾದ್ದರಿಂದ ಬದುಕಿದವರನ್ನು ಅಮೆರಿಕದ ಇನ್ನೊಂದು ಹಡಗಿಗೆ ಹತ್ತಿಸಿದರು; ಅದು ಅವರನ್ನು ವೇಲ್ಸ್‌ನ ಕಾರ್ಡಿಫ್ ಬಂದರಿಗೆ ತಂದಿತು.

ಕಾರ್ಡಿಫ್‌ನಿಂದ ಆನಾ ಗಂಡನಿಗೆ ತಂತಿ ಕಳಿಸಿದಳು. ಆ ತಂತಿಯ ಕಾಗದ ಇಂದಿಗೂ ಇದೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದರ ಮೊದಲ ಎರಡು ಪದ: “ಸೇವ್ಡ್ ಅಲೋನ್”. ಒಬ್ಬಳೇ ಉಳಿದೆ. ಸುದ್ದಿ ಎಂದು ಓದಿದರೆ ಅದಕ್ಕಿಂತ ಚಿಕ್ಕದಾಗಿ ಹೇಳಲು ಬರುವುದಿಲ್ಲ. ಆದರೆ ಅದು ಒಬ್ಬ ಸಭಾ ಹಿರಿಯನ ಹೆಂಡತಿ ಬರೆದ ಮಾತು ಎಂಬುದನ್ನು ನೆನಪಿಟ್ಟುಕೊಂಡು ಓದಬೇಕು. ‘ಸೇವ್ಡ್’ ಎನ್ನುವುದು ಅವರ ಪ್ರಾರ್ಥನೆಯಲ್ಲಿ, ಉಪದೇಶದಲ್ಲಿ, ಹಾಡಿನಲ್ಲಿ ದಿನವೂ ಬರುವ ಪದ. ಪಾಪದಿಂದ ರಕ್ಷಣೆ ಹೊಂದಿದವರು ಎಂದು ಅರ್ಥ. ಕನ್ನಡದ ಕ್ರೈಸ್ತರೂ ‘ರಕ್ಷಣೆ’ ಎಂದು ಅದನ್ನೇ ಹೇಳುತ್ತಾರೆ. ಅಂಥ ಪದದ ಪಕ್ಕದಲ್ಲಿ ‘ಒಬ್ಬಳೇ’ ಎಂದು ಬರೆಯುವಾಗ ಆನಾ ತಂತಿಯ ದರದ ಲೆಕ್ಕವನ್ನಷ್ಟೇ ಹಾಕಿದ್ದಳೋ, ಮನಸ್ಸಿನಲ್ಲಿ ಬೇರೇನಾದರೂ ಇತ್ತೋ? ನನ್ನ ಊಹೆ ನನಗಿದೆ, ಅದಕ್ಕೆ ದಾಖಲೆಯಿಲ್ಲ.

ಇನ್ನು ಹಾಡಿನ ವಿಷಯ. ಪಾಸ್ಟರ್ ಹೇಳಿದ ಕತೆಯಲ್ಲಿ ಮುಕ್ಕಾಲು ಪಾಲು ನಿಜ. ತಂತಿ ಸಿಕ್ಕ ಕೂಡಲೇ ಹೊರೇಷಿಯೊ ಹೊರಟದ್ದು ನಿಜ. ಹಡಗು ಮುಳುಗಿದ ಜಾಗ ದಾಟಿದ ಬಗ್ಗೆ ಆನಾಳ ತಂಗಿಗೆ ಪತ್ರ ಬರೆದದ್ದೂ ನಿಜ. ಅಲ್ಲಿ ಸಮುದ್ರದ ಆಳ ಮೂರು ಮೈಲಿ. ಆದರೆ ಮಕ್ಕಳು ಆ ತಳದಲ್ಲಿದ್ದಾರೆಂದು ತಾನು ಎಣಿಸುವುದಿಲ್ಲ, ಅವರು ಸುರಕ್ಷಿತವಾಗಿದ್ದಾರೆ ಎಂಬುದು ಆ ಪತ್ರದ ತಾತ್ಪರ್ಯ. ಹಾಡು ಆ ರಾತ್ರಿಯೇ ಹುಟ್ಟಿತು ಎಂದು ಮಗಳು ಬರ್ತಾ 1950ರಲ್ಲಿ ಪ್ರಕಟಿಸಿದ ‘ಅವರ್ ಜೆರೂಸಲೇಮ್’ ಎಂಬ ಪುಸ್ತಕದಲ್ಲಿ ಹೇಳುತ್ತಾಳೆ. ಆದರೆ ಬರ್ತಾ ಆ ದುರಂತದ ನಾಲ್ಕು ವರ್ಷಗಳ ನಂತರ ಹುಟ್ಟಿದವಳು. ಮೂಡಿಯ ಜತೆಗಾರ, ಗಾಯಕ ಐರಾ ಸ್ಯಾಂಕಿಯ ನೆನಪು ಬೇರೆ: 1876ರಲ್ಲಿ ತಾನು ಸ್ಪಾಫರ್ಡ್ ದಂಪತಿಯ ಮನೆಯಲ್ಲಿ ಕೆಲವು ವಾರ ಉಳಿದಿದ್ದಾಗ, ಮಕ್ಕಳ ನೆನಪಿಗಾಗಿ ಹೊರೇಷಿಯೊ ಅದನ್ನು ಬರೆದ ಎನ್ನುತ್ತಾನೆ ಅವನು. ಉಳಿದಿರುವ ಹಸ್ತಪ್ರತಿ ಶಿಕಾಗೊದ ಹೋಟೆಲೊಂದರ ಕಾಗದದ ಮೇಲಿದೆ. ಹಾಡು ಅಚ್ಚಾದದ್ದೂ, ಸಭೆಯಲ್ಲಿ ಮೊದಲು ಕೇಳಿಬಂದದ್ದೂ 1876ರಲ್ಲೇ. ನಾನು ಸ್ಯಾಂಕಿಯ ಕಡೆ ವಾಲುತ್ತೇನೆ.

ಒಂದು ರಾತ್ರಿಯೋ ಮೂರು ವರ್ಷವೋ, ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಿದ್ದರು. ನನಗೆ ಅದೇ ಮುಖ್ಯವೆನಿಸುತ್ತದೆ. ಹಡಗಿನ ಕತೆಯಲ್ಲಿ ನಂಬಿಕೆ ದುಃಖವನ್ನು ಎರಡೇ ವಾರದಲ್ಲಿ ಗೆದ್ದುಬಿಡುತ್ತದೆ. ಮಗನನ್ನು ಮಣ್ಣು ಮಾಡಿ ಎಂಟೇ ದಿನವಾದ ತಾಯಿಯ ಮುಂದೆ ಆ ಕತೆ ಹೇಳಿದರೆ, ನಿನಗೇಕೆ ಇನ್ನೂ ಆಗಿಲ್ಲ ಎಂದು ಕೇಳಿದ ಹಾಗಾಗುತ್ತದೆ. ಪಾಸ್ಟರ್ ಮನಸ್ಸಿನಲ್ಲಿ ಅದಿರಲಿಲ್ಲ, ಖಂಡಿತ ಇರಲಿಲ್ಲ. ಕತೆಯೊಳಗೆ ಅದಿದೆ. ಮೂರು ವರ್ಷ ಎಂದು ತಿದ್ದಿದರೆ ಅದೇ ಹಾಡಿಗೆ ಬೇರೆ ತೂಕ ಬರುತ್ತದೆ. ಆ ಮೂರು ವರ್ಷ ಆ ಮನೆಯಲ್ಲಿ ನಾಲ್ಕು ಖಾಲಿ ಹಾಸಿಗೆಗಳಿದ್ದವು.

ರಾಗ ಹಾಕಿದ ಫಿಲಿಪ್ ಬ್ಲಿಸ್ ಆ ರಾಗಕ್ಕೆ ಹಡಗಿನ ಹೆಸರನ್ನೇ ಇಟ್ಟ. ಅದೇ 1876ರ ಡಿಸೆಂಬರಿನಲ್ಲಿ ಒಹಾಯೊದ ಆಷ್ಟಬ್ಯುಲಾ ಎಂಬಲ್ಲಿ ಸೇತುವೆ ಕುಸಿದು ರೈಲು ನದಿಗೆ ಬಿತ್ತು. ಬ್ಲಿಸ್ ಮತ್ತು ಅವನ ಹೆಂಡತಿ ಇಬ್ಬರೂ ಸತ್ತರು. ಆ ಶತಮಾನವೇ ಹಾಗಿತ್ತು. ಮಕ್ಕಳ ಸಾವಿನಿಂದ ಯಾವ ಮನೆಯೂ ದೂರವಿರಲಿಲ್ಲ. 1856ರ ವಸಂತದಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಕೆಥೆಡ್ರಲ್‌ನ ಮುಖ್ಯ ಗುರುವಾಗಿದ್ದ ಟೇಟ್ ಎಂಬಾತನ ಐವರು ಹೆಣ್ಣುಮಕ್ಕಳು ಐದಾರು ವಾರಗಳಲ್ಲಿ ಸ್ಕಾರ್ಲೆಟ್ ಜ್ವರಕ್ಕೆ ಒಬ್ಬರ ಹಿಂದೊಬ್ಬರು ಹೋದರು. ಅವನು ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದ. ಆ ದಿನಗಳ ವಿವರವನ್ನು ಬರೆದಿಟ್ಟವಳು ತಾಯಿ.

ಕ್ರೈಸ್ತ ಪರಂಪರೆಯಲ್ಲಿ ಅಳಬಾರದೆಂಬ ಕಟ್ಟಳೆ ಇದೆಯೇ ಎಂದು ನನಗೆ ಅನುಮಾನವಿತ್ತು. ಇಲ್ಲ. ಮಾರ್ಟಿನ್ ಲೂಥರನ ಮಗಳು ಮಾಗ್ದಲೇನಾ 1542ರ ಸೆಪ್ಟೆಂಬರಿನಲ್ಲಿ ಹದಿಮೂರನೆಯ ವಯಸ್ಸಿನಲ್ಲಿ ಅವನ ತೋಳಲ್ಲೇ ಪ್ರಾಣ ಬಿಟ್ಟಳು. ಮೂರು ದಿನದ ಮೇಲೆ ಗೆಳೆಯ ಯುಸ್ತುಸ್ ಯೋನಾಸ್‌ಗೆ ಬರೆದ ಪತ್ರದಲ್ಲಿ ಲೂಥರ್ ಒಪ್ಪಿಕೊಳ್ಳುತ್ತಾನೆ: ಮಗಳು ಈ ಲೋಕದಿಂದ ಬಿಡುಗಡೆಯಾದಳೆಂದು ದೇವರಿಗೆ ಕೃತಜ್ಞತೆ ಹೇಳಬೇಕು, ಆದರೆ ಬಿಕ್ಕದೆ, ಒಳಗೊಳಗೇ ಸಾಯದೆ ಅದು ಆಗುತ್ತಿಲ್ಲ. ಯುರೋಪಿನ ಅರ್ಧದಷ್ಟು ಧರ್ಮವನ್ನು ಅಲುಗಾಡಿಸಿದ ಮನುಷ್ಯ! ಮತ್ತಾಯನ ಸುವಾರ್ತೆಯಲ್ಲಿ, ಯೇಸು ಹುಟ್ಟಿದ ಸಂಭ್ರಮದ ಬೆನ್ನಿಗೇ, ಹೆರೋದನು ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸುತ್ತಾನೆ. ಅಲ್ಲಿ ಸುವಾರ್ತೆಗಾರ ನೆನೆಯುವುದು ಮಕ್ಕಳಿಗಾಗಿ ಗೋಳಾಡುತ್ತ ಸಮಾಧಾನವನ್ನೇ ಒಲ್ಲೆನೆಂದ ರಾಹೇಲಳನ್ನು. ಅವಳನ್ನು ಅಲ್ಲಿ ಯಾರೂ ಗದರಿಸುವುದಿಲ್ಲ.

ಅಳುವುದಕ್ಕಿಂತ ಕಷ್ಟದ್ದು ಇನ್ನೊಂದು, ಯಾಕೆ ಎನ್ನುವುದು. ಅದಕ್ಕೆ ಬೈಬಲ್ಲಿನಲ್ಲಿ ಯೋಬನ ಪುಸ್ತಕವೇ ಇದೆ. ಬಿರುಗಾಳಿಗೆ ಮನೆ ಕುಸಿದು ಯೋಬನ ಹತ್ತು ಮಕ್ಕಳು ಒಂದೇ ಏಟಿಗೆ ಸಾಯುತ್ತಾರೆ. ಗೆಳೆಯರು ಬಂದು ಏಳು ದಿನ ಸುಮ್ಮನೆ ಜತೆಗೆ ಕೂರುತ್ತಾರೆ (ಅಲ್ಲಿಗೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು). ಆಮೇಲೆ ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕು ಎಂದು ಶುರು ಮಾಡುತ್ತಾರೆ. ನಮ್ಮ ಕಡೆ ಕರ್ಮ, ಪೂರ್ವಜನ್ಮ ಎನ್ನುತ್ತೇವೆ. ಸಾವಿನ ಮನೆಗೆ ಬಂದವರ ನಾಲಿಗೆ ಎಲ್ಲ ಕಡೆಯೂ ಒಂದೇ. ಕೊನೆಗೆ ಯೋಬನಿಗೆ ಕಳೆದುಕೊಂಡದ್ದು ತಿರುಗಿ ಬರುತ್ತದೆ. ಕುರಿ, ಒಂಟೆ, ಎತ್ತು, ಕತ್ತೆ ಎಲ್ಲವೂ ಎರಡರಷ್ಟು. ಮಕ್ಕಳು ಮಾತ್ರ ಮತ್ತೆ ಹತ್ತೇ. ಹಳೆಯ ವ್ಯಾಖ್ಯಾನಕಾರರಲ್ಲಿ ಕೆಲವರು ಇದಕ್ಕೆ ಕೊಡುವ ಕಾರಣ ಸೊಗಸಾಗಿದೆ: ಮೊದಲಿನ ಹತ್ತು ಮಕ್ಕಳು ಕಳೆದುಹೋಗಿಲ್ಲ, ದೇವರ ಬಳಿ ಇದ್ದಾರೆ, ಅವರನ್ನೂ ಕೂಡಿಸಿದರೆ ಇಪ್ಪತ್ತಾಯಿತು. ಪುನರುತ್ಥಾನದ ನಿರೀಕ್ಷೆಯನ್ನು ಇಷ್ಟು ಸರಳ ಲೆಕ್ಕದಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ನನ್ನ ಮನಸ್ಸಿಗೆ ಒಂದು ಮುಳ್ಳು ಉಳಿಯುತ್ತದೆ. ಆಮೇಲೆ ಹುಟ್ಟಿದ ಮೂವರು ಹೆಣ್ಣುಮಕ್ಕಳ ಹೆಸರನ್ನು ಆ ಪುಸ್ತಕ ಹೇಳುತ್ತದೆ. ಸತ್ತ ಹತ್ತು ಮಕ್ಕಳಲ್ಲಿ ಒಬ್ಬರ ಹೆಸರನ್ನೂ ಹೇಳುವುದಿಲ್ಲ.

ರಾಘವಾಂಕ ಈ ವಿಷಯದಲ್ಲಿ ಉದಾರಿ. ಹಾವು ಕಚ್ಚಿದ ಲೋಹಿತಾಶ್ವ ಕೊನೆಗೆ ಅವನೇ ಎದ್ದು ಬರುತ್ತಾನೆ. ಚಂದ್ರಮತಿಗೆ ಬೇರೆ ಮಗ ಸಿಗುವುದಿಲ್ಲ, ಅದೇ ಮಗ ಸಿಗುತ್ತಾನೆ. ಸುಡುಗಾಡಿನ ಆ ಪ್ರಲಾಪವನ್ನು ಓದಿ ಅತ್ತ ನಾವು ಮುಂದೆ ಸುಧಾರಿಸಿಕೊಳ್ಳುತ್ತೇವೆ. ಆನಾ ಸ್ಪಾಫರ್ಡಳಿಗೆ ಸಿಕ್ಕದ್ದು ಯೋಬನ ದಾರಿ. 1875ರಲ್ಲಿ ಗಂಡುಮಗು ಹುಟ್ಟಿತು. ಅವನಿಗೆ ಅಪ್ಪನ ಹೆಸರನ್ನೇ ಇಟ್ಟರು, ಹೊರೇಷಿಯೊ. 1878ರಲ್ಲಿ ಬರ್ತಾ ಹುಟ್ಟಿದಳು. ಕತೆ ಇಲ್ಲಿಗೆ ನಿಂತಿದ್ದರೆ ಯೋಬನ ಕೊನೆಯ ಅಧ್ಯಾಯದ ಹಾಗೆಯೇ ಇರುತ್ತಿತ್ತು.

1880ರ ಫೆಬ್ರವರಿಯಲ್ಲಿ ಆ ಹುಡುಗ ಸ್ಕಾರ್ಲೆಟ್ ಜ್ವರಕ್ಕೆ ಸತ್ತ. ನಾಲ್ಕು ವರ್ಷ.

ಹಾಡಿನ ಕತೆ ಹೇಳುವವರು ಬಹುಮಟ್ಟಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ಕತೆ ಕೆಡುತ್ತದೆ. ಎಲ್ಲವೂ ಕ್ಷೇಮ ಎಂದು ಹಾಡಿದವನ ಮನೆಗೆ ಸಾವು ಮತ್ತೆ ಬಂದರೆ ಎರಡನೆಯ ಹಾಡು ಎಲ್ಲಿಂದ ತರುವುದು? ಸಭೆಯಲ್ಲಿ ಪಿಸುಮಾತು ಎದ್ದಿತು ಎಂದು ಬರ್ತಾ ಬರೆಯುತ್ತಾಳೆ. ಒಂದು ಸಲವಾದರೆ ಅಪಘಾತ. ಎರಡು ಸಲ ಹೀಗಾಗಬೇಕಾದರೆ ಈ ಗಂಡಹೆಂಡತಿ ಏನು ಮಾಡಿದ್ದಾರೋ! ಯೋಬನ ಗೆಳೆಯರು ಶಿಕಾಗೊದಲ್ಲೂ ಇದ್ದರು. ಯೋಹಾನನ ಸುವಾರ್ತೆಯಲ್ಲಿ ಹುಟ್ಟುಗುರುಡನನ್ನು ತೋರಿಸಿ ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಎಂದು ತಳ್ಳಿಹಾಕಿದ ಪ್ರಸಂಗ ಅವರಿಗೆ ಬಾಯಿಪಾಠವೇ ಇದ್ದಿರಬೇಕು. ಹೊರೇಷಿಯೊ ಆ ಹೊತ್ತಿಗೆ ನಿತ್ಯನರಕದ ಬೋಧನೆಯನ್ನೇ ಒಪ್ಪದವನಾಗಿದ್ದ. ಪ್ರೀತಿಯ ದೇವರು ಯಾರನ್ನೂ ಶಾಶ್ವತವಾಗಿ ಬೆಂಕಿಗೆ ತಳ್ಳಲಾರ ಎಂಬುದು ಅವನ ನಿಲುವು. ಸಭೆಗೂ ಅವನಿಗೂ ಮುರಿದುಬಿತ್ತು. ಸ್ಪಾಫರ್ಡರ ಜತೆ ಕೆಲವು ಗೆಳೆಯರೂ ಹೊರಬಂದು ಮನೆಯಲ್ಲೇ ಪ್ರಾರ್ಥನೆ ನಡೆಸತೊಡಗಿದರು. 1881ರ ಜನವರಿಯಲ್ಲಿ ಗ್ರೇಸ್ ಎಂಬ ಇನ್ನೊಬ್ಬ ಮಗಳು ಹುಟ್ಟಿದಳು. ಅದೇ ವರ್ಷ ಈ ಪುಟ್ಟ ಗುಂಪು, ಹದಿಮೂರು ಮಂದಿ ದೊಡ್ಡವರು, ಮೂವರು ಮಕ್ಕಳು, ಶಿಕಾಗೊ ಬಿಟ್ಟು ಯೆರೂಸಲೇಮಿಗೆ ಹೊರಟಿತು. ಆನಾ ಮತ್ತೆ ಅದೇ ಅಟ್ಲಾಂಟಿಕ್ ದಾಟಿದಳು, ಈ ಸಲ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು.

ಕನ್ನಡ ಬೈಬಲ್ಲಿನಲ್ಲಿ ನಂಬಿಕೆ, ನಿರೀಕ್ಷೆ, ಪ್ರೀತಿ ಎಂದು ಮೂರು ಪದಗಳು ಒಟ್ಟಿಗೆ ಬರುತ್ತವೆ. ಇಂಗ್ಲಿಷಿನ ‘ಹೋಪ್’ ಎಂಬುದಕ್ಕೆ ನಾವು ಪುಸ್ತಕಗಳಲ್ಲಿ ಆಸೆ, ಭರವಸೆ ಎಂದೆಲ್ಲ ಬರೆಯುತ್ತೇವೆ. ಕನ್ನಡ ಕ್ರೈಸ್ತರು ಹಿಡಿದ ಪದ ನಿರೀಕ್ಷೆ. ಅದರಲ್ಲಿ ‘ಈಕ್ಷಣೆ’ ಇದೆ, ನೋಡುವುದು. ದಾರಿ ನೋಡುವುದು, ಕಾಯುವುದು. ಭರವಸೆ ಒಂದು ಮನಸ್ಥಿತಿಯಾದರೆ ನಿರೀಕ್ಷೆ ಒಂದು ಕೆಲಸ. ಬಾಗಿಲಲ್ಲಿ ನಿಂತವರು ಮಾಡುವ ಕೆಲಸ. ಸ್ಪಾಫರ್ಡರು ಯೆರೂಸಲೇಮಿಗೆ ಹೋದದ್ದು ಅಕ್ಷರಶಃ ಅದಕ್ಕೇ. ಕ್ರಿಸ್ತನ ಎರಡನೆಯ ಬರೋಣ ಹತ್ತಿರವಿದೆ, ಸತ್ತವರು ಏಳುವ ದಿನ ಬರಲಿದೆ, ಅದು ಮೊದಲು ಕಾಣುವುದು ಆ ಊರಿನಲ್ಲಿ. ಐದು ಮಕ್ಕಳನ್ನು ಕಳೆದುಕೊಂಡವರು ಆ ದಿನವನ್ನು ಎಷ್ಟು ತವಕದಿಂದ ಕಾದಿರಬಹುದು ಎಂದು ಯೋಚಿಸಿದರೆ ಅವರನ್ನು ಹುಚ್ಚರೆಂದು ನಗಲು ನನಗಾಗುವುದಿಲ್ಲ. ಆ ಕಾಲದ ಪತ್ರಿಕೆಗಳು ನಕ್ಕವು.

ಹಳೆಯ ನಗರದ ಗೋಡೆಯೊಳಗೆ, ದಮಸ್ಕ ಬಾಗಿಲಿನ ಹತ್ತಿರ ಒಂದು ಮನೆ ಹಿಡಿದರು. ಎಲ್ಲರದೂ ಒಂದೇ ಅಡಿಗೆ, ಒಂದೇ ಹಣದ ಪೆಟ್ಟಿಗೆ. ಊರಿನವರಿಗೆ ಅವರು ‘ಅಮೆರಿಕನ್ ಕಾಲೊನಿ’. ಯಾರನ್ನೂ ಮತಾಂತರಿಸಲು ಹೋಗದೆ ಅಕ್ಕಪಕ್ಕದ ಮುಸ್ಲಿಮರ, ಯೆಹೂದ್ಯರ ಕಾಯಿಲೆ ಕಸಾಲೆ ನೋಡಿಕೊಂಡಿದ್ದರಿಂದ ನೆರೆಯವರಿಗೆ ಬೇಗ ಹತ್ತಿರವಾದರು. ಯೆಮನ್‌ನಿಂದ 1882ರಲ್ಲಿ ಬಂದ ಬಡ ಯೆಹೂದ್ಯರಿಗೆ ಅನ್ನ ಹಾಕಿದರು. ಯಾಕೋಬ ಎಂಬ ಯೆಹೂದಿ ಹುಡುಗನನ್ನು ಮಗನಾಗಿ ತೆಗೆದುಕೊಂಡರು. ಇತಿಹಾಸದ ಮೇಷ್ಟ್ರಿಗೆ ಇಲ್ಲಿ ಒಂದು ಗಳಿಗೆ ನಿಲ್ಲದೆ ಇರಲಾಗುವುದಿಲ್ಲ: 1880ರಲ್ಲಿ, ಶಿಕಾಗೊದಲ್ಲಿ ಆ ನಾಲ್ಕು ವರ್ಷದ ಮಗು ಸತ್ತ ವರ್ಷವೇ, ಯೆರೂಸಲೇಮಿನ ಹಿಜ್ಕೀಯನ ಸುರಂಗದ ನೀರಿನಲ್ಲಿ ನಡೆಯುತ್ತ ಹೋಗಿ ಗೋಡೆಯ ಮೇಲಿನ ಸಿಲೋವ ಶಾಸನವನ್ನು ಕಂಡ ಹುಡುಗ ಇವನೇ. ಹೀಬ್ರೂ ಬರಹದ ಬಹು ಹಳೆಯ ಶಾಸನಗಳಲ್ಲಿ ಒಂದು ಅದು, ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ.

ಇಷ್ಟಕ್ಕೇ ನಿಲ್ಲಿಸಿ ಟೀಚರ್ ಅವರಿಗೆ ಹೇಳಿಬಿಡಬಹುದಿತ್ತು. ಆದರೆ ಓದುತ್ತ ಹೋದಂತೆ ಆನಾ ಸುಲಭದ ಹೆಂಗಸಲ್ಲ ಎಂದು ತಿಳಿಯಿತು. ಹೊರೇಷಿಯೊ 1888ರಲ್ಲಿ ಮಲೇರಿಯಾದಿಂದ ಸತ್ತ. ಅದಾದ ಮೇಲೆ ಕಾಲೊನಿಗೆ ಆನಾಳ ಮಾತೇ ಶಾಸನ. ಬರೋಣ ಹತ್ತಿರವಿರುವಾಗ ಸಂಸಾರವೇಕೆ ಎಂದು ಗಂಡಹೆಂಡತಿಯರು ಬೇರೆ ಬೇರೆ ಇರಬೇಕಾಯಿತು. ಹೊಸ ಮದುವೆಗಳು ನಿಂತವು. ಸೇರಿದವರು ತಮ್ಮ ಆಸ್ತಿಯನ್ನೆಲ್ಲ ಒಪ್ಪಿಸಬೇಕಿತ್ತು. ಬಿಟ್ಟು ಹೋದವರು ಕಹಿಯಾಗಿ ಮಾತಾಡಿದರು. ಶಿಕಾಗೊದಲ್ಲಿ ಗಂಡ ಉಳಿಸಿ ಬಂದಿದ್ದ ಸಾಲದ ಮಾತೂ ಬೆನ್ನಿಗೆ ಇದ್ದೇ ಇತ್ತು. ಅಮೆರಿಕದ ಕಾನ್ಸಲ್ ಸೇಲಾ ಮೆರಿಲ್ ಈ ಗುಂಪನ್ನು ವರ್ಷಗಟ್ಟಲೆ ಹಗೆಯಂತೆ ಕಂಡ. 1896ರಲ್ಲಿ ಸ್ವೀಡನ್ನಿನ ನೋಸ್ ಎಂಬ ಹಳ್ಳಿಯ ರೈತ ಕುಟುಂಬಗಳು ಹೊಲಮನೆ ಮಾರಿ ಬಂದು ಸೇರಿದವು. ಸೆಲ್ಮಾ ಲಾಗರ್ಲಾಫ್ 1900ರಲ್ಲಿ ಅಲ್ಲಿಗೆ ಹೋಗಿ ನೋಡಿ ಬಂದು ‘ಯೆರೂಸಲೇಮ್’ ಎಂಬ ಎರಡು ಭಾಗದ ಕಾದಂಬರಿ ಬರೆದಳು. ಮುಳುಗುವ ಹಡಗಿನ ದೃಶ್ಯವೂ ಅದರಲ್ಲಿದೆ. 1909ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಹೆಂಗಸು ಅವಳು.

ನನಗೆ ಆನಾಳ ಮೇಲೆ ಸಿಟ್ಟೂ ಬಂತು. ತನ್ನ ಸಂಸಾರದ ದುಃಖವನ್ನು ಬೇರೆಯವರ ಸಂಸಾರಗಳ ಮೇಲೆ ಕಟ್ಟಳೆಯಾಗಿ ಹೇರಿದಳಲ್ಲ ಎಂದು. ಆದರೆ ಸಿಟ್ಟು ಪೂರ್ತಿ ನಿಲ್ಲಲೂ ಇಲ್ಲ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಯೆರೂಸಲೇಮಿನಲ್ಲಿ ಬರ, ಮಿಡತೆ, ಟೈಫಸ್ ಒಟ್ಟಿಗೆ ಬಂದಾಗ ಇದೇ ಕಾಲೊನಿ ಗಂಜಿಕೇಂದ್ರ ನಡೆಸಿ ಸಾವಿರಾರು ಜನರ ಹೊಟ್ಟೆ ತುಂಬಿಸಿತು, ಗಾಯಗೊಂಡ ಸೈನಿಕರನ್ನು ಯಾವ ಕಡೆಯವರೆಂದು ನೋಡದೆ ಉಪಚರಿಸಿತು. ಮುಂದಾಳು ಅದೇ ಹೆಂಗಸು, ಎಪ್ಪತ್ತು ದಾಟಿತ್ತು. ಅವಳು ಸತ್ತದ್ದು 1923ರಲ್ಲಿ. ಕಾದದ್ದು ಬರಲಿಲ್ಲ. ಬರಲಿಲ್ಲವೆಂದು ಊರು ಬಿಟ್ಟು ಹೋಗಲೂ ಇಲ್ಲ.

ಎರಡು ವರ್ಷದ ಮೇಲೆ, 1925ರ ಕ್ರಿಸ್ಮಸ್ ಹಿಂದಿನ ದಿನ, ಬರ್ತಾ ಹಾಡುಗಾರರ ಜತೆ ಬೇತ್ಲೆಹೇಮಿಗೆ ಹೊರಟಿದ್ದಳು. ದಾರಿಯಲ್ಲಿ ಒಬ್ಬ ಹಳ್ಳಿಗ ಕಾಯಿಲೆಯ ಹೆಂಡತಿಯನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಹೆಂಡತಿಯ ಮಡಿಲಲ್ಲಿ ಹಸುಗೂಸು. ಬರ್ತಾ ಅವಳನ್ನು ಆಸ್ಪತ್ರೆಗೆ ಸೇರಿಸಿ ಹೋದಳು. ಆ ರಾತ್ರಿ ತಾಯಿ ಸತ್ತಳು. ಮರುದಿನ ಆ ಮನುಷ್ಯ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದ: ನಾನಿರುವ ಕಡೆ ಇದು ಬದುಕುವುದಿಲ್ಲ, ನೀವು ಇಟ್ಟುಕೊಳ್ಳಿ. ಇಟ್ಟುಕೊಂಡರು. ವಾರದೊಳಗೆ ಇನ್ನೆರಡು ಅನಾಥ ಶಿಶುಗಳು ಬಂದವು. ದಮಸ್ಕ ಬಾಗಿಲಿನ ಹತ್ತಿರದ ಆ ಹಳೆಯ ಮನೆಯೇ ‘ಆನಾ ಸ್ಪಾಫರ್ಡ್ ಬೇಬಿ ಹೋಮ್’ ಆಯಿತು. ಅದು ಬೆಳೆದು ಮಕ್ಕಳ ಆಸ್ಪತ್ರೆಯಾಯಿತು. ಇಂದಿಗೂ ಅದೇ ಕಟ್ಟಡದಲ್ಲಿ ಸ್ಪಾಫರ್ಡ್ ಮಕ್ಕಳ ಕೇಂದ್ರವಾಗಿ ನಡೆಯುತ್ತಿದೆ. ಆನಾ ಅದನ್ನು ನೋಡಲಿಲ್ಲ.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಟೀಚರ್ ಅವರ ಮನೆಗೆ ಹೋಗಿ ಇದಿಷ್ಟನ್ನೂ ಹೇಳಿದೆ. ಹುಡುಗನ ಅಪ್ಪ ಡ್ಯೂಟಿಗೆ ಹೋಗಿದ್ದರು. ಚಹಾ ಆರಿತು. ಮದುವೆ ನಿಲ್ಲಿಸಿದ ಕಟ್ಟಳೆಯನ್ನು, ಸಾಲವನ್ನು ಹೇಳಲೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಹೇಳಿಯೇ ಬಿಟ್ಟೆ. ಅದಕ್ಕೆ ಅವರು ಬೇಸರಿಸಿದಂತೆ ಕಾಣಲಿಲ್ಲ.

“ಎರಡನೇ ಸರ್ತಿ ಮಗಾ ಹೋದಾಗ ಆಕಿ ಏನಂದ್ಲು?” ಎಂದು ಕೇಳಿದರು.

“ಆಕಿ ಬರದಿಟ್ಟಿದ್ದು ನನಗೇನೂ ಸಿಕ್ಕಿಲ್ಲ, ಟೀಚರ್. ಊರು ಬಿಟ್ಲು, ಅಷ್ಟ.”

“ಹಾಡು?”

“ಎರಡನೇ ಹಾಡು ನನಗ ಕಂಡಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗಿನಿಂದ ತಮ್ಮ ಕೀರ್ತನೆಗಳ ಪುಸ್ತಕ ತಂದರು. ಹಿಂದಿನ ಖಾಲಿ ಹಾಳೆ ತೆಗೆದು, ಆ ಹುಡುಗಿಯರ ಹೆಸರು ಇನ್ನೊಮ್ಮೆ ಹೇಳ್ರಿ ಅಂದರು. ನಾನು ಹೇಳಿದೆ, ಅವರು ಬರೆದುಕೊಂಡರು. ಆನಿ. ಮ್ಯಾಗಿ. ಬೆಸ್ಸಿ. ಟನೆಟಾ. ಕೆಳಗೆ ಸ್ವಲ್ಪ ಜಾಗ ಬಿಟ್ಟು ಹೊರೇಷಿಯೊ.

“ಆ ಹುಡುಗಗ ಎಷ್ಟು ವರ್ಷ ಅಂದ್ರಿ?”

“ನಾಕು.”

ಅದನ್ನೂ ಬರೆದರು. ಹೊರಗೆ ಟ್ಯೂಶನ್ನಿನ 아이ಗಳಂತೆ ಬೇಗ ಬಂದ ಮೂರು ಮಕ್ಕಳು ಚಪ್ಪಲಿ ಬಿಡುತ್ತಿದ್ದರು. ಟೀಚರ್ ಪುಸ್ತಕ ಮುಚ್ಚಿ, ಪಾಟಿ ತಂದೀರೇನು ಎಂದು ಕೇಳುತ್ತ ಬಾಗಿಲಿಗೆ ಹೋದರು.